ಎರಡು ಬೈಟು, ನಾಲ್ಕು ಬೈಟು

"ಕನ್ನಡ ಓದಾಕ ಬರ್ತೈತೋ ಇಲ್ಲೋ ನಿಮಗ?"

ಶೈಲಾ ಸಿದ್ದಲಿಂಗೇಶನನ್ನು ಹೀಗೆ ಕೇಳಿದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕೊಟ್ರಪ್ಪನ ಅಂಗಡಿಯಲ್ಲಿ, ಎಲ್ಲರ ಎದುರಿಗೆ.

ಅದು 2006. ಅಂಗಡಿಗೆ ಬರುವ ರೈತರ ಹೆಸರನ್ನು ಕನ್ನಡದಲ್ಲೇ ತೋರಿಸುವ ಸಾಫ್ಟ್‌ವೇರನ್ನು ಇಬ್ಬರೂ ಕಂಪ್ಯೂಟರಿನ ಸಿ ಭಾಷೆಯಲ್ಲಿ ಬರೆದಿದ್ದರು. ಹೆಸರನ್ನು ಫೈಲಿಗೆ ಸೇರಿಸುವ ಭಾಗ ಹಾವೇರಿಯ ಶೈಲಾಳದು, ಅವಳ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್. ಓದಿ ತೋರಿಸುವ ಭಾಗ ರಾಣೆಬೆನ್ನೂರಿನ ಸಿದ್ದಲಿಂಗೇಶನದು; ಅವನದರಲ್ಲಿ ಲಿನಕ್ಸ್. ಪರದೆಯ ಮೇಲೆ 'ಮೈಲವ್ವ' ಎಂದು ಬರಬೇಕಿದ್ದಲ್ಲಿ ಬರೀ ಖಾಲಿ ಚೌಕಗಳು ಬಂದವು. ಜನ ನಕ್ಕರು. ಅವನು ಅವಳನ್ನೊಮ್ಮೆ ನೋಡಿ ಕಂಪ್ಯೂಟರ್ ಬಂದ್ ಮಾಡಿದ.

ಆ ನೋಟ ಬಸ್ಸಿನಲ್ಲಿ ಹಾವೇರಿಯವರೆಗೂ ಅವಳ ಜೊತೆ ಬಂತು.

ಮರುದಿನ ತಪ್ಪು ಹುಡುಕಲು ಕೂತಳು. ಕನ್ನಡದಂಥ ಲಿಪಿಗೆ ಬಳಸುವ ವೈಡ್ ಕ್ಯಾರೆಕ್ಟರಿಗೆ ಇಷ್ಟೇ ಜಾಗ ಎಂದು ಸಿ ಭಾಷೆಯ ನಿಯಮ ಗೊತ್ತುಮಾಡಿರಲಿಲ್ಲ. ಅವಳ ಮಷೀನಿನಲ್ಲಿ ಅದು ಎರಡು ಬೈಟು, ಅವನದರಲ್ಲಿ ನಾಲ್ಕು. ವಿಚಾರಿಸದೆ ಹಾಗೆಯೇ ಫೈಲಿಗೆ ಸುರಿದವಳು ತಾನೇ. ಅವನ ಕಡೆ ಎರಡೆರಡು ಅಕ್ಷರ ಅಂಟಿ ಒಂದಾಗಿದ್ದವು. ಅವಳ ಕಿವಿಗಳು ಬಿಸಿಯಾದವು.

ಸಂಜೆ ರಾಣೆಬೆನ್ನೂರಿಗೆ ಹೋಗಿ ಅವನ ಕಂಪ್ಯೂಟರ್ ಅಂಗಡಿಯ ಬಾಗಿಲಲ್ಲಿ ನಿಂತಳು. ತಲೆಯೆತ್ತಲಾಗಲಿಲ್ಲ.

"ಬರ್ರಿ, ಕುಂದ್ರಿ," ಎಂದ ಸಿದ್ದಲಿಂಗೇಶ.

"ತಪ್ಪು ನಂದ್ರಿ. ನಂದು ಎರಡು ಬೈಟು, ನಿಮ್ಮದು..."

"ನಾಲ್ಕು. ಆ ಚೌಕ ನೋಡಿದಾಗ್ಲೇ ಗೊತ್ತಾತು."

"ಮತ್ತ ಅಲ್ಲೇ ಯಾಕ ಹೇಳಲಿಲ್ರಿ?"

"ಅಷ್ಟು ಮಂದಿ ಮುಂದ ನಿಮ್ಮ ಮಾರಿ ಸಣ್ಣದಾಗೋದು ನೋಡಾಕ ನನ್ನ ಕೈಲೆ ಆಗ್ತಿರಲಿಲ್ಲ."

ಅವನು ಬೈದಿದ್ದರೂ ಅವಳಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಅಳತಿ ಗೊತ್ತು ಮಾಡಿದ ಹೊಸ ಅಕ್ಷರದ ನಮೂನಿ ತರಾಕತ್ತಾರಂತ, ಸಿ ಭಾಷಾದ ಸಮಿತಿಯವರು," ಎಂದ. "ಅದು ಬರೂತನಕ ನಾವಿಬ್ರೂ ಒಂದು ಅಳತಿ ಹಿಡಿಯೋಣ. ಫೈಲಿನ್ಯಾಗ ಅಕ್ಷರಕ್ಕ ಎರಡ ಬೈಟು. ನಿಮ್ಮದ ಇರಲಿ." ಅವನ ಕಣ್ಣಂಚಿನಲ್ಲಿ ತುಂಟ ನಗುವಿತ್ತು.

ಆ ವಾರವೇ ಕೊಟ್ರಪ್ಪನ ಅಂಗಡಿಯಲ್ಲಿ ಹೆಸರುಗಳು ಮುದ್ದಾಗಿ ಮೂಡಿದವು.

"ಅಂತೂ ನಿನ್ನ ತಪ್ಪು ತಿದ್ದಿಕೊಂಡಿ ನೋಡಪಾ," ಎಂದು ಕೊಟ್ರಪ್ಪ ಸಿದ್ದಲಿಂಗೇಶನ ಬೆನ್ನು ತಟ್ಟಿದ. ಅವನು ನಕ್ಕು ತಲೆಯಾಡಿಸಿದ.

ಶೈಲಾ ಎದ್ದು ನಿಂತಳು. "ತಪ್ಪು ಅವರದಲ್ರಿ, ನಂದು. ಅವತ್ತು ಸುಮ್ಮಸುಮ್ಮನ ಅವರಿಗೆ ಅಂದೆ."

ಅವಳು ಹೊರಗೆ ನಡೆದಳು. ಚೀಲಗಳ ಸಾಲಿನ ಹತ್ತಿರ ಕಣ್ಣೊರೆಸಿಕೊಳ್ಳುತ್ತಿದ್ದಾಗ ಅವನು ಹಿಂದೆಯೇ ಬಂದ.

"ಮೆಣಸಿನಕಾಯಿ ಘಾಟೇನ್ರಿ?"

"ಅಲ್ಲ, ನಾಚಿಕಿ. ನಾ ಮನಸಿಟ್ಟವರನ್ನ ಹಿಂಗ ಮಂದಿ ಮುಂದ..." ಮಾತು ಜಾರಿಬಿಟ್ಟಿತು. ಶೈಲಾ ತುಟಿ ಕಚ್ಚಿಕೊಂಡಳು.

ಸಿದ್ದಲಿಂಗೇಶ ಒಂದು ಹೆಜ್ಜೆ ಹತ್ತಿರ ಬಂದ. ಆಮೇಲೆ ಮೆಲ್ಲಗೆ ಕೇಳಿದ, "ಐತವಾರ ನಮ್ಮವ್ವನ್ನ ಕರ್ಕೊಂಡು ನಿಮ್ಮನಿಗೆ ಬರ್ಲೇನ್ರಿ?"

"ಲಗೂ ಬರ್ರಿ," ಎಂದಳು ಶೈಲಾ.