ಕೋಟೆಗೋಡೆಯ ಕಂಡಿ

ಗುರುವಾರ ಬೆಳಗ್ಗೆ ಎಂಟಕ್ಕೆ ಮೊಂವೆರ್ನ್ ಊರಿನ ಕೋಟೆಯ ಸಭಾಂಗಣದಲ್ಲಿ ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು. ಗಾಜು ಒಡೆದಿರಲಿಲ್ಲ. ಬೀಗವನ್ನು ಕೀಲಿಯಿಂದಲೇ ತೆರೆದಿದ್ದರು. ಏಳು ನೂರು ವರ್ಷದ ಹಕ್ಕುಪತ್ರ ಮಾಯ.

ಪೊಲೀಸ್ ಅಧಿಕಾರಿ ಸೊಲೆನ್ ಗಾರಿಗ್ ಬಗ್ಗಿ ಬೀಗ ನೋಡಿದಳು. ಅವಳು ಇದೇ ಊರಲ್ಲಿ ಹುಟ್ಟಿ ಬೆಳೆದವಳು. ಹನ್ನೆರಡು ಗಂಟೆಗೆ ಕೋಟೆ ಒಂದು ಹೋಟೆಲ್ ಕಂಪನಿಗೆ ಮಾರಾಟವಾಗಲಿತ್ತು. ಒಳ ಅಂಗಳ, ಬಾವಿ, ಗುರುವಾರದ ಸಂತೆ ಊರಿನವು ಎನ್ನಲು ಇದ್ದ ಆಧಾರ ಆ ಚರ್ಮದ ಹಾಳೆಯೊಂದೇ. ಹನ್ನೆರಡರೊಳಗೆ ಅದು ಮಾರಾಟಪತ್ರ ಬರೆಯುವ ನೋಟರಿಯ ಮೇಜಿನ ಮೇಲಿರದಿದ್ದರೆ ಅಂಗಳವೂ ಕೋಟೆಯ ಜೊತೆಗೇ ಹೋಗುತ್ತಿತ್ತು.

"ತಲೆ ಯಾಕೆ ಕೆಡಿಸ್ಕೋತೀಯ ಸೊಲೆನ್?" ಎಂದ ಕೋಟೆಯ ಮೇಲ್ವಿಚಾರಕ ಗಾಸ್ಪಾರ್. "ಕೀಲಿ ಇರೋದು ಎರಡು. ಒಂದು ನನ್ನ ಹತ್ರ. ಇನ್ನೊಂದು ನಿನ್ನೆಯಿಂದ ಆ ಪ್ಯಾರಿಸಿನೋನ ಹತ್ರ."

"ನೀನು ಎಷ್ಟೊತ್ತಿಗೆ ಹೊರಟೆ?"

"ನಾಲ್ಕಕ್ಕೆ. ಪತ್ರ ಇತ್ತು. ಅವನೂ ಇದ್ದ. ಆಮೇಲೆ ನಾನು ಈ ಕಡೆ ತಲೆ ಹಾಕಿಲ್ಲ."

ಪ್ಯಾರಿಸಿನವನೆಂದರೆ ತಿಬೋ, ಹಳೆಯ ಲಿಪಿ ಓದುವ ತಜ್ಞ. ಪತ್ರ ಪರೀಕ್ಷಿಸಲು ಅವನನ್ನು ಕರೆಸಿದ್ದು ಹೋಟೆಲ್ ಕಂಪನಿಯೇ. ಬೇರೆ ಸಾಕ್ಷಿ ಯಾರಿಗೆ ಬೇಕು?

"ಐದಕ್ಕೆ ಪತ್ರ ಒಳಗಿಟ್ಟು ಬೀಗ ಹಾಕ್ದೆ," ಎಂದ ತಿಬೋ. "ದೊಡ್ಡ ಬಾಗಿಲ ಎದುರೇ ಕಾರಿತ್ತು. ಹತ್ತಿದೆ, ಹೋದೆ. ಇನ್ನೇನು ಹೇಳಲಿ ಮೇಡಂ?"

ಅವನ ಕಾರನ್ನೂ ಕೋಣೆಯನ್ನೂ ಜಾಲಾಡಿದ್ದಾಯಿತು. ಏನೂ ಸಿಗಲಿಲ್ಲ.

ಅಂಗಳದಲ್ಲಿ ಸಂತೆಯವರು ಗಂಟು ಬಿಚ್ಚದೆ ಕಾದಿದ್ದರು. "ಅವನನ್ನ ಇನ್ನೂ ಒಳಗೆ ಹಾಕಿಲ್ವಾ?" ಎಂದಳು ಚೀಸ್ ಮಾರುವ ಲಿಯೊಂತಿನ್ ಅಜ್ಜಿ. "ಕಾಫಿ ಕೊಟ್ಟು ಉಪಚಾರ ಮಾಡ್ತಿದೀಯೇನೋ."

* * *

ಹತ್ತೂವರೆ. ಸೊಲೆನ್ ಠಾಣೆಗೆ ಹೊರಟಳು. ತಲೆಯ ತುಂಬ ಎರಡು ಕೀಲಿಗಳು. ಕಾಲು ತನ್ನ ಪಾಡಿಗೆ ನಡೆಯುತ್ತಿತ್ತು. ಪಾಚಿಗಲ್ಲಿನ ಮೇಲೆ ಜಾರಿ ಗೋಡೆ ಹಿಡಿದಾಗಲೇ ಗೊತ್ತಾದದ್ದು, ತಾನು ಕಂಡಿಯಲ್ಲಿ ನಿಂತಿದ್ದೇನೆ ಎಂದು.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಊರಿನವರು ಗೋಡೆ ಒಡೆದು ಕೋಟೆಗೆ ನುಗ್ಗಿದ ಜಾಗವದು. ಅಂದಿನಿಂದ ಮೊಂವೆರ್ನಿನವರು ಯಾರೂ ದೊಡ್ಡ ಬಾಗಿಲಲ್ಲಿ, ಅಂದರೆ ದೊರೆಯ ಬಾಗಿಲಲ್ಲಿ, ಕಾಲಿಡುವುದಿಲ್ಲ. ಮದುಮಗಳು ಲಂಗ ಹರಿದುಕೊಂಡಾದರೂ ಕಂಡಿಯಿಂದಲೇ ಬರುತ್ತಾಳೆ. ಹಟಮಾರಿ ಜನ, ಏನು ಮಾಡುವುದು.

ಕೈ ಇಟ್ಟ ಕಲ್ಲಿನ ಸಂದಿಯಲ್ಲಿ ಕೆಂಪು ಚೂರೊಂದು ಸಿಕ್ಕಿತ್ತು. ಅರಗು. ಪತ್ರಕ್ಕೆ ದಾರದಲ್ಲಿ ತೂಗುಬಿಟ್ಟ ಮುದ್ರೆಯದು. ಮುರಿದ ಅಂಚು ಇನ್ನೂ ಹೊಸದಾಗಿತ್ತು.

ಸೊಲೆನ್ ತಿರುಗಿ ನೋಡಿದಳು. ದೊಡ್ಡ ಬಾಗಿಲು ಅಗಲಕ್ಕೆ ತೆರೆದಿತ್ತು. ಅವಳಿಗೆ ನಗು ಬಂತು.

* * *

"ಗಾಸ್ಪಾರ್, ದೊಡ್ಡ ಬಾಗಿಲಿಂದ ಹೋಗಿದ್ರೆ ಒಂದು ಗುರುತೂ ಸಿಗ್ತಿರಲಿಲ್ಲ. ಯಾಕೆ ಹೋಗಲಿಲ್ಲ?"

ಅಂಗಳದಲ್ಲಿ ಸಂತೆಯವರು ಸುತ್ತ ನೆರೆದರು. ಸೊಲೆನ್ ಅರಗಿನ ಚೂರು ತೋರಿಸಿದಳು. "ಕಂಡೀಲಿ ಸಿಕ್ತು."

"ಅವನೇ ಬೀಳಿಸಿರ್ತಾನೆ," ಎಂದ ಗಾಸ್ಪಾರ್.

"ಬಾಗಿಲು ತೆರೆದಿದೆ. ಮೂವತ್ತು ಹೆಜ್ಜೇಲಿ ಕಾರಿದೆ. ಕದ್ದ ಮಾಲು ಕೈಲಿದೆ. ಪ್ಯಾರಿಸಿನೋನು ಅದೆಲ್ಲ ಬಿಟ್ಟು ಪಾಚಿಗಲ್ಲು ಇಳಿದು ಕೋಟೆ ಸುತ್ಕೊಂಡು ಹೋಗ್ತಾನಾ? ಅಂಥ ಹುಚ್ಚು ನಮಗೆ ಮಾತ್ರ ಇರೋದು. ಪತ್ರ ಒಯ್ದೋನು ಈ ಊರಿನೋನು. ಊರಿನೋರಲ್ಲಿ ಕೀಲಿ ಇರೋದು ನಿನ್ನೊಬ್ಬನ ಹತ್ರ."

ಗಾಸ್ಪಾರ್ ಸೊಂಟದ ಕೀಲಿಯನ್ನು ಕೈಯಿಂದ ಮುಚ್ಚಿದ.

"ಬೇರೆ ದಾರಿ ನಿನಗೆ ಹೊಳೆಯಲೇ ಇಲ್ಲ," ಎಂದಳು ಸೊಲೆನ್ ಮೆತ್ತಗೆ. "ಈಗ ತಾನೇ ನನಗೂ ಹೊಳೆಯಲಿಲ್ಲ. ಕಾಲೇ ಕರ್ಕೊಂಡು ಹೋಯ್ತು."

"ಕದಿಯೋವಾಗ್ಲೂ ದೊರೆ ಬಾಗಿಲು ತುಳಿದಿಲ್ಲ," ಎಂದಳು ಲಿಯೊಂತಿನ್. "ಅಷ್ಟಾದ್ರೂ ಮರ್ಯಾದೆ ಉಳಿಸ್ಕೊಂಡ, ಮಹಾನುಭಾವ."

ಗಾಸ್ಪಾರ್ ಬಾವಿಕಟ್ಟೆಯ ಮೇಲೆ ಕುಸಿದು ಕುಳಿತ. "ಕಂಪನಿಯೋರು ಹೋಟೆಲಿಗೆ ಮ್ಯಾನೇಜರ್ ಮಾಡ್ತೀವಿ ಅಂದ್ರು. ಸುಟ್ಟುಬಿಡು ಅಂತಾನೂ ಅಂದ್ರು. ಮನಸ್ಸು ಬರಲಿಲ್ಲ. ನಮ್ಮ ನೆಲಮಾಳಿಗೇಲಿದೆ, ಬಾತುಕೋಳಿ ಕೊಬ್ಬಿನ ಜಾಡಿಗಳ ಹಿಂದೆ."

* * *

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಪತ್ರ ನೋಟರಿಯ ಮೇಜಿಗೆ ಬಂತು. ಓದಬಲ್ಲವನು ತಿಬೋ ಒಬ್ಬನೇ. ಕಂಪನಿಯ ವಕೀಲ ಅವನತ್ತ ಅರ್ಥಗರ್ಭಿತವಾಗಿ ನೋಡಿದ. ಒಂದೇ ಮಾತು ಸಾಕಿತ್ತು, ನಕಲಿ ಎಂದು. ಬೆಳಗಿನಿಂದ ತನ್ನನ್ನು ಕಳ್ಳನೆಂದ ಊರಿಗೆ ಅವನು ಯಾವ ಋಣದಲ್ಲೂ ಇರಲಿಲ್ಲ.

ತಿಬೋ ಕೆಂಪು ಚೂರನ್ನು ಮುದ್ರೆಯ ಅಂಚಿಗೆ ಹಿಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು.

"ಅಸಲಿ," ಎಂದವನು ಓದತೊಡಗಿದ. "'ಕೋಟೆ ಯಾರದಾದರೂ ಆಗಲಿ, ಈ ಅಂಗಳ ಇದರ ಬಾವಿಯ ನೀರು ಸೇದುವವರದು.'"

ವಕೀಲ ಕಾಗದಗಳನ್ನು ಮಡಚಿ ಚೀಲಕ್ಕೆ ತುರುಕಿದ.

ಸೊಲೆನ್ ಅಂಗಳದವರೆಗೂ ಓಡಿದಳು. ಇಡೀ ಊರು ಅವಳ ಮುಖವನ್ನೇ ನೋಡುತ್ತಿತ್ತು. ಹೇಳಬೇಕೆಂದುಕೊಂಡದ್ದು ಬೇಕಾದಷ್ಟಿತ್ತು.

"ಅಂಗಡಿ ಹಾಕ್ರಿ," ಎಂದಳು.