ಎಂಟು ಸಾವಿರದ ನಾನೂರು ಅಡಿ

ಕೊಬ್ಬರಿ ಒಣಗಿಸುವ ಗೂಡಿನಿಂದ ಏಳುವ ಹೊಗೆಯಲ್ಲಿ ಒಂದು ಸಿಹಿಯಾದ ಕಮಟು ಇರುತ್ತದೆ. ಸವುಸವು ಎಂಬ ದ್ವೀಪದ ಊರಿನಲ್ಲಿ ಲಿತಿಯಾನ ಚಿಕ್ಕವಳಿದ್ದಾಗ ಅಪ್ಪನ ಅಂಗಿಗೆ, ಶಾಲೆಯ ಚೀಲಕ್ಕೆ, ಅಜ್ಜಿ ಹಾಸುತ್ತಿದ್ದ ಚಾಪೆಗೆ, ಎಲ್ಲಕ್ಕೂ ಅದೇ ವಾಸನೆ. ಭುಜದ ಮೇಲೆ ಕ್ಯಾಪ್ಟನ್ನಿನ ನಾಲ್ಕು ಪಟ್ಟಿ ಬಂದ ಮೇಲೂ ಆ ವಾಸನೆ ಬಂದರೆ ಸಾಕು, ಅವಳ ಬಿಗಿದ ಬೆನ್ನು ತಾನಾಗಿಯೇ ಸಡಿಲವಾಗುತ್ತಿತ್ತು.

ಆ ಬೆಳಿಗ್ಗೆ ನೌಸೋರಿ ವಿಮಾನ ನಿಲ್ದಾಣದಲ್ಲಿ ಅದು ಬಂದದ್ದು ಪಕ್ಕದ ಸೀಟಿನಿಂದ. ಸಹಪೈಲಟ್ ಕೊಲಿನಿಯೊ ರಜೆ ಮುಗಿಸಿ ಊರಿನಿಂದ ನೇರವಾಗಿ ಕೆಲಸಕ್ಕೆ ಬಂದಿದ್ದ.

"ಅಂಗಿ ಒಗೆದು ಬರಬಾರದಾ? ಕೊಬ್ಬರಿ ಗೂಡಲ್ಲೇ ಮಲಗಿದ್ದೆಯೋ ಹೇಗೆ?" ಎಂದಳು ಲಿತಿಯಾನ.

"ಒಗೆದೇ ಬಂದಿದ್ದೀನಿ ಕ್ಯಾಪ್ಟನ್. ನಿಮ್ಮೂರೋರ ಹಾಗೆ ಸೆಂಟು ಸುರ್ಕೊಂಡು ಸಮುದ್ರದ ಮೀನೆಲ್ಲ ಓಡಿಸೋ ಅಭ್ಯಾಸ ನಮಗಿಲ್ಲ."

"ನಿಮ್ಮೂರೋರಿಗೆ ಮೀನು ಹಿಡಿಯೋಕೆಲ್ಲಿ ಬರುತ್ತೆ? ಡಬ್ಬಿ ಮೀನು ತಿಂದು ಬೆಳೆದೋರು."

ಕ್ಯಾಪ್ಟನ್ನಿನ ಎದುರು ಹೀಗೆ ಮಾತಾಡುವ ಧೈರ್ಯ ಬೇರಾರಿಗೂ ಇರಲಿಲ್ಲ. ಆದರೆ ಅವರಿಬ್ಬರ ಊರುಗಳ ನಡುವೆ ಅಣಕದ ನಂಟಿತ್ತು. ಒಂದೇ ಮೂಲದೇವರಿಂದ ಬಂದ ಊರುಗಳು. ಎದುರಾದಾಗೆಲ್ಲ ಒಬ್ಬರನ್ನೊಬ್ಬರು ಹೀಯಾಳಿಸಲೇಬೇಕು, ಯಾರೂ ಸಿಟ್ಟಾಗುವ ಹಾಗಿಲ್ಲ. ಎರಡು ವರ್ಷದಿಂದ ಲಿತಿಯಾನ ತನ್ನ ಪ್ರೀತಿಯನ್ನು ಆ ಅಣಕದೊಳಗೇ ಬಚ್ಚಿಟ್ಟಿದ್ದಳು. ಅಲ್ಲಿ ಅದು ಭದ್ರವಾಗಿತ್ತು. ಅವನೂ ಏನಾದರೂ ಬಚ್ಚಿಟ್ಟಿದ್ದನೇ ಎಂಬುದು ಮಾತ್ರ ಕಾಣುತ್ತಿರಲಿಲ್ಲ.

ವಿಮಾನ ಹಾರಿಸುವವರು ಪಕ್ಕಪಕ್ಕ ಕೂತರೂ ಒಬ್ಬರ ಮುಖ ಒಬ್ಬರು ನೋಡುವುದು ಕಡಿಮೆ. ಕಣ್ಣು ಸದಾ ಮುಂದೆ. ಅವನನ್ನು ನೋಡಬೇಕೆನಿಸಿದಾಗ ಲಿತಿಯಾನ ತನ್ನ ಎಡಗಡೆಯ ಕಿಟಕಿಯತ್ತ ತಿರುಗುತ್ತಿದ್ದಳು. ಬೆಳಕು ಹದವಾಗಿದ್ದರೆ ಗಾಜಿನಲ್ಲಿ ಅವನ ಗಲ್ಲ, ನಗು ತಡೆದ ತುಟಿಯ ಅಂಚು ತೆಳ್ಳಗೆ ಮೂಡುತ್ತಿದ್ದವು.

ಪಕ್ಕದ ದ್ವೀಪದ ಲಂಬಾಸಕ್ಕೆ ಹೊರಟ ವಿಮಾನ ತುಂಬಿತ್ತು. ನೆಲ ಬಿಟ್ಟ ಕೂಡಲೇ ಕಂಟ್ರೋಲರ್ ಎಂಟು ಸಾವಿರ ಅಡಿಯವರೆಗೆ ಏರಲು ಅನುಮತಿ ಕೊಟ್ಟ. ಒಂಬತ್ತು ಸಾವಿರದಲ್ಲಿ ಇನ್ನೊಂದು ವಿಮಾನ ಅಡ್ಡ ಹಾಯಲಿತ್ತು. ಕೊಲಿನಿಯೊ ಆ ಎತ್ತರದ ಅಂಕಿಯನ್ನು ಮುಂದಿನ ಫಲಕದಲ್ಲಿ ಕೂರಿಸಿದ. ರೂಢಿಯಂತೆ ಇಬ್ಬರೂ ಆ ಅಂಕಿಯತ್ತ ಬೆರಳು ತೋರಿಸಿ, "ಎಂಟು ಸಾವಿರ" ಎಂದರು. ಎರಡು ಬೆರಳುಗಳ ನಡುವೆ ಒಂದು ಕಾಳಿನಷ್ಟು ಜಾಗ. ದಿನದಲ್ಲಿ ಅವರು ಅಷ್ಟು ಹತ್ತಿರ ಬರುತ್ತಿದ್ದದ್ದು ಅಲ್ಲಿ ಮಾತ್ರ.

ಹತ್ತು ಸಾವಿರ ಅಡಿ ದಾಟುವ ತನಕ ಕೆಲಸದ ಮಾತು ಬಿಟ್ಟು ಬೇರೆ ಮಾತು ಸಲ್ಲದು. ಇಬ್ಬರಿಗೂ ಅದು ಉಸಿರಿನಷ್ಟು ಗೊತ್ತು. ಮೋಡ ದಾಟುವವರೆಗೆ ಲಿತಿಯಾನ ಯಂತ್ರಕ್ಕೆ ಬಿಡದೆ ಕೈಯಲ್ಲೇ ಹಾರಿಸುತ್ತಿದ್ದಳು. ಕೊಟ್ಟ ಎತ್ತರಕ್ಕೆ ಇನ್ನು ಸಾವಿರ ಅಡಿ ಇದೆ ಎನ್ನುವಾಗ ಕೂಗಿ ಎಚ್ಚರಿಸುವುದು ಕೊಲಿನಿಯೊನ ಕೆಲಸ.

ಅವನು ಬಾಯಿ ತೆರೆದ. ಬಂದದ್ದು ಬೇರೆ ಮಾತು.

"ಲಿತಿಯಾನ, ನಮ್ಮ ಹಿರಿಯರು ತಿಮಿಂಗಿಲದ ಹಲ್ಲು ತಗೊಂಡು ನಿಮ್ಮನೆಗೆ ಬರ್ತೀವಿ ಅಂತಿದ್ದಾರೆ. ಬರಬಹುದಾ ಅವರು?"

ಅಣಕದ ನಂಟಿನಲ್ಲಿ ಯಾವುದನ್ನಾದರೂ ತಮಾಷೆ ಮಾಡಬಹುದು, ತಿಮಿಂಗಿಲದ ಹಲ್ಲನ್ನಲ್ಲ. ಅದನ್ನು ಕೈಯಲ್ಲಿ ಹಿಡಿದು ಹೆಣ್ಣು ಕೇಳುತ್ತಾರೆ, ಸತ್ತವರಿಗೆ ಗೌರವ ಸಲ್ಲಿಸುತ್ತಾರೆ. ಲಿತಿಯಾನ ಕಿಟಕಿಯತ್ತ ತಿರುಗಲಿಲ್ಲ. ನೇರವಾಗಿ ಅವನತ್ತ ತಿರುಗಿದಳು. ಅವನು ನಗುತ್ತಿರಲಿಲ್ಲ. ಹಣೆಯ ಮೇಲೆ ಸಣ್ಣಗೆ ಬೆವರಿತ್ತು.

ಎಷ್ಟು ಹೊತ್ತು ನೋಡಿದಳೋ, ಕಿವಿಯಲ್ಲಿ ಕಂಟ್ರೋಲರ್ ಗಡುಸಾಗಿ ಹೇಳಿದ: "ನಿಮಗೆ ಕೊಟ್ಟಿರೋದು ಎಂಟು ಸಾವಿರ. ಎತ್ತರ ನೋಡ್ಕೊಳ್ಳಿ."

ಎಂಟು ಸಾವಿರದ ನಾನೂರು. ವಿಮಾನ ಇನ್ನೂ ಏರುತ್ತಲೇ ಇತ್ತು. ಅವಳು ಅದರ ಮೂತಿಯನ್ನು ಕೆಳಗೊತ್ತಿದಳು. ಮುಂದೆ, ಬಲಕ್ಕೆ, ಮೋಡದ ಕಂಡಿಯಲ್ಲಿ ಬಿಳಿಯ ವಿಮಾನವೊಂದು ಅವರಿಗಿಂತ ಸ್ವಲ್ಪವೇ ಮೇಲೆ ಅಡ್ಡ ಹಾದುಹೋಯಿತು. ಅದರ ಕಿಟಕಿಗಳ ಸಾಲು ಸ್ಪಷ್ಟವಾಗಿ ಕಂಡಿತು. ಪ್ರತಿ ಕಿಟಕಿಯ ಹಿಂದೆ ಯಾರೋ ಇದ್ದರು.

"ಎಂಟು ಸಾವಿರಕ್ಕೆ ಇಳೀತಿದ್ದೀವಿ," ಎಂದ ಕೊಲಿನಿಯೊ ರೇಡಿಯೋದಲ್ಲಿ.

ಲಂಬಾಸದಲ್ಲಿ ಇಳಿದವಳೇ ಲಿತಿಯಾನ ಕಂಪನಿಗೆ ಫೋನ್ ಮಾಡಿ ನಡೆದದ್ದನ್ನು ತಿಳಿಸಿದಳು. ಮರಳುವಾಗ ಕೆಲಸದ ಮಾತಲ್ಲದೆ ಒಂದು ಶಬ್ದವೂ ಇಲ್ಲ. ಅವಳ ಎದೆಯಲ್ಲಿ ಒಂದೇ ಭಯ ಸುತ್ತುತ್ತಿತ್ತು. ಮುಂದಿನ ವಾರ ಕೊಲಿನಿಯೊಗೆ ಕ್ಯಾಪ್ಟನ್ ಪರೀಕ್ಷೆ. ಅದಕ್ಕಾಗಿ ಅವನು ವರ್ಷಗಟ್ಟಲೆ ಕಾದಿದ್ದ. ಏನು ಮಾತಾಡುತ್ತಿದ್ದಿರಿ ಎಂದು ಕೇಳುತ್ತಾರೆ. ನಿಜ ಹೇಳಿದರೆ ಅವನ ಪರೀಕ್ಷೆ ಹೋದೀತು. ಮೋಡ, ಗಾಳಿ ಎಂದು ಏನಾದರೂ ಹೇಳಿ ತೇಲಿಸಿದರೆ, ಆ ಬಿಳಿಯ ವಿಮಾನದ ಕಿಟಕಿಗಳನ್ನು ಮನಸ್ಸಿನಲ್ಲಿ ಹೊತ್ತುಕೊಂಡೇ ಅವನ ಮನೆ ಹೊಗಬೇಕು. ಇಷ್ಟಾದ ಮೇಲೆ ಅವನ ಪ್ರಶ್ನೆ ಉಳಿದಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.

ನೌಸೋರಿಯಲ್ಲಿ ಸುರಕ್ಷತೆಯ ವಿಚಾರ ನೋಡಿಕೊಳ್ಳುವ ಪರಮಾನಂದ್ ಸರ್ ಮೊದಲು ಅವಳನ್ನು ಒಳಗೆ ಕರೆದರು. ಅವಳ ಕುತ್ತಿಗೆ ಬೆವರಿದ್ದನ್ನು ಕಂಡು, ತಮ್ಮ ಮೇಜಿನ ಫ್ಯಾನನ್ನು ಅವಳತ್ತ ತಿರುಗಿಸಿದರು.

"ಸಾವಿರ ಅಡಿ ಉಳಿದಾಗ ಕೂಗು ಬರಲಿಲ್ಲ. ಯಾಕಮ್ಮ?"

"ಅವನು ಮಾತಾಡ್ತಿದ್ದ ಸರ್. ನಿಲ್ಲಿಸಬೇಕಾದೋಳು ನಾನು. ನಿಲ್ಲಿಸಲಿಲ್ಲ."

"ಏನು ಮಾತು?"

ಲಿತಿಯಾನ ಮೊಣಕಾಲಿನ ಮೇಲೆ ಕೈ ಊರಿದಳು. "ಮದುವೆ ಮಾತು."

"ಯಾರ ಮದುವೆ?"

"ಅದು ಇನ್ನೂ ಇತ್ಯರ್ಥ ಆಗಿಲ್ಲ ಸರ್."

ಪರಮಾನಂದ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಆ ಇನ್ನೊಂದು ವಿಮಾನದಲ್ಲಿ ಇದ್ದೋರು ಇವತ್ತು ಮಧ್ಯಾಹ್ನ ಮನೇಲಿ ಊಟ ಮಾಡ್ತಿದ್ದಾರೆ. ಅದೊಂದು ಪುಣ್ಯ," ಎಂದರು. "ಹೊರಗೆ ಕೂತಿರು. ಅವನನ್ನ ಕಳಿಸು."

ಅವಳು ಹೊರಗಿನ ಬೆಂಚಿನ ಮೇಲೆ ಕೂತಳು. ಬಾಗಿಲು ಮುಚ್ಚಿತು. ಒಳಗೆ ಅವನು ಅವಳನ್ನು ಕಾಪಾಡಲೆಂದು ಏನಾದರೂ ಕಟ್ಟಿ ಹೇಳಿಬಿಟ್ಟರೆ ಎಂದು ಹೊಸ ಭಯ ಹುಟ್ಟಿತು. ಕೊನೆಗೆ ಬಾಗಿಲು ತೆರೆಯಿತು.

ಕೊಲಿನಿಯೊ ಬಂದು ಬೆಂಚಿನ ಆ ತುದಿಯಲ್ಲಿ ಕೂತ.

"ಏನು ಹೇಳ್ದೆ?" ಎಂದಳು.

"ತಿಮಿಂಗಿಲದ ಹಲ್ಲಿನ ವಿಷಯ. ಕೂಗೋದು ಬಿಟ್ಟು ಅದನ್ನ ಕೇಳ್ದೆ ಅಂತ." ಅವನು ತನ್ನ ಬೂಟುಗಳನ್ನೇ ನೋಡುತ್ತಿದ್ದ. "ಪರೀಕ್ಷೆ ಮುಂದಕ್ಕೆ ಹೋಯ್ತು. ಇಬ್ಬರಿಗೂ ಮತ್ತೆ ತರಬೇತಿ. ಆಮೇಲೂ ನಮ್ಮಿಬ್ಬರನ್ನ ಒಂದೇ ವಿಮಾನಕ್ಕೆ ಹಾಕಲ್ಲವಂತೆ."

"ಎಷ್ಟು ಮುಂದಕ್ಕೆ?"

"ಹೇಳಲಿಲ್ಲ. ತಪ್ಪು ನಂದು, ಕಾಯ್ತೀನಿ." ಬೂಟಿನ ಲೇಸನ್ನು ಬಿಗಿ ಮಾಡುತ್ತ ಹೇಳಿದ, "ಊರಿಂದ ಹೊರಟಾಗಿನಿಂದ ಕೇಳ್ಬೇಕು ಅಂತಿದ್ದೆ. ವಿಮಾನ ಹತ್ತೋ ಗೇಟಲ್ಲಿ ಧೈರ್ಯ ಬರಲಿಲ್ಲ. ಬಾಯಿ ತೆರೆದ್ರೆ ಬರೀ ತಮಾಷೆ ಬರ್ತಿತ್ತು. ಅಷ್ಟು ಜನರ ಜೀವ ಇರೋ ಕಡೆ ಧೈರ್ಯ ಬಂತು ನೋಡು, ಪೆದ್ದನಿಗೆ."

"ನಿಮ್ಮೂರೋರಿಗೆ ಬುದ್ಧಿ ಬರೋದೇ ತಡವಾಗಿ," ಎಂದಳು ಲಿತಿಯಾನ.

ಅವನು ಮೆಲ್ಲಗೆ ತಲೆಯೆತ್ತಿದ. ಇಲ್ಲಿ ಯಾವ ಅಂಕಿಯನ್ನೂ ಕಾಯಬೇಕಿರಲಿಲ್ಲ. ಅವಳು ಅವನ ಮುಖವನ್ನು ಕಣ್ತುಂಬ ನೋಡಿದಳು. ಎಡ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆಯಿತ್ತು. ಗಾಜಿನಲ್ಲಿ ಅದು ಒಮ್ಮೆಯೂ ಕಂಡಿರಲಿಲ್ಲ.

"ನಮ್ಮಪ್ಪನಿಗೆ ಭಾನುವಾರ ಚರ್ಚ್ ಮುಗಿದ ಮೇಲೆ ಬಿಡುವಿರುತ್ತೆ," ಎಂದಳು. "ಹಿರಿಯರಿಗೆ ಹೇಳು, ಬರಲಿ. ನೀನು ಮಾತ್ರ ಅಲ್ಲಿ ಬಾಯಿ ತೆರೀಬೇಡ."

ಅವನ ಕೈ ಬೆಂಚಿನ ಮೇಲೆ ಸರಿದು ಬಂದು ಅವಳ ಬೆರಳುಗಳನ್ನು ಮುಟ್ಟಿತು.

ಬಾಗಿಲು ಮತ್ತೆ ತೆರೆಯಿತು. ಅವರು ಕೈ ಬಿಡಿಸಿಕೊಳ್ಳುವ ಮೊದಲೇ ಪರಮಾನಂದ್ ಸರ್ ಬೇರೆ ಕಡೆ ನೋಡಿದರು. ಅವರ ಕೈಯಲ್ಲಿ ಮನೆಯಿಂದ ತಂದ ಬುತ್ತಿಯಿತ್ತು. ಕುಂಬಳಕಾಯಿ ಪಲ್ಯ ಇಟ್ಟು ಸುತ್ತಿದ ಎರಡು ರೋಟಿ, ಬೆಳಿಗ್ಗೆಯಿಂದ ಬಿಚ್ಚದೆ ಹಾಗೇ ಉಳಿದದ್ದು. ಅವರು ಅದನ್ನು ಲಿತಿಯಾನಳ ಕೈಗೆ ಕೊಟ್ಟು ಒಳಗೆ ಹೋದರು.