ಮಣ್ಣಿಗೆ ಬಾರದವನು

“ಅಲ್ಲೇ ನಿಂದರ್ರಿ. ಒಳಗ ಬರಬ್ಯಾಡ್ರಿ.”

ಶಿವಗಂಗಾಳ ದನಿಗೆ ಈರೇಶ ಹೊಲದ ಬದುವಿನ ಮೇಲೆಯೇ ನಿಂತ. ಹೆಗಲ ಮೇಲೆ ಗೊಬ್ಬರದ ಚೀಲ.

ಅವರಿಬ್ಬರ ಮದುವೆ ನಿಶ್ಚಯವಾಗಿತ್ತು. ಆದರೆ ಆಷಾಢದ ಮಳೆಯಲ್ಲಿ ಅವಳ ಅಪ್ಪ ಸೋಮಪ್ಪ ತೀರಿಕೊಂಡ. ಈ ಶುಂಠಿ ಹೊಲದ ಮೂಲೆಯಲ್ಲೇ ಅವನನ್ನು ಮಣ್ಣು ಮಾಡಿದರು. ಮುಂಡಗೋಡ ಸೀಮೆಯ ನೆಂಟರೆಲ್ಲ ಬಂದು ಹಿಡಿ ಮಣ್ಣು ಹಾಕಿದರು.

ಈರೇಶ ಬರಲಿಲ್ಲ.

“ನಿಮ್ಮಪ್ಪನ ಮಣ್ಣಿಗೆ ಬರದಾಂವಗ ನಿನ್ನ ಹೆಂಗ ಕೊಡ್ಲಿ?” ಎಂದು ಅವ್ವ ಮಾಲವ್ವ ಸಂಬಂಧ ಮುರಿದಿದ್ದಳು.

ಆಮೇಲೆ ಶುಂಠಿ ಬಾಡತೊಡಗಿತು. ತುದಿಯಿಂದ ಎಲೆ ಹಳದಿಯಾಗಿ, ಬುಡ ಕೊಳೆತು... ಅದೂ ಹೊಲದ ತುಂಬ ಅಲ್ಲ. ರಸ್ತೆಯಿಂದ ಸಮಾಧಿಯವರೆಗೆ, ಯಾರೋ ನಡೆದು ಹೋದಂತೆ ಒಂದೇ ಜಾಡು.

“ಸೋಮಪ್ಪ ತಿರಗ್ಯಾಡಾಕತ್ತಾನ” ಎಂದಿತು ಊರು. ಎಲೆ ಅಲುಗಿದರೆ ಸಾಕು, ಶಿವಗಂಗಾಳಿಗೆ ಅಪ್ಪ ಭಜನೆಯ ಪದ ಗುನುಗಿದಂತೆ ಕೇಳುತ್ತಿತ್ತು.

‘ನನ್ನ ಮೇಲೆ ಮುನಿಸೇನಪ್ಪಾ?’

“ಚೀಲದಾಗ ಏನೈತಿ?” ಕೇಳಿದಳು.

“ತಿಪ್ಪಿಗೊಬ್ಬರ, ಬೇವಿನ ಹಿಂಡಿ. ಕೊಳೆರೋಗ ತಡಿಯೂ ಟ್ರೈಕೋಡರ್ಮಾ ಪುಡಿ ಕಲಸಿ, ನೆರಳಾಗ ಹಸಿ ಗೋಣಿ ಮುಚ್ಚಿ ಇಟ್ಟಿದ್ದೆ. ಬಾಡಿದ್ದು ಬದುಕೂದಿಲ್ಲ, ಕಿತ್ತು ಸುಡೂಣು. ಉಳದದ್ದರ ಬುಡಕ್ಕ ಇದನ್ನ ಹಾಕೂಣು.”

“ಸತ್ತಾವ್ರು ತುಳದ ಜಾಡಿಗೆ ಹಿಂಡಿ ಏನ್ ಮಾಡ್ತೈತಿ?”

“ತುಳದಾವ್ರು ಸತ್ತಾವ್ರಲ್ಲ, ಗಂಗಾ.” ಅವನು ಚೀಲ ಇಳಿಸಿದ. “ನಮ್ಮ ಮುಂಡಗೋಡ ಕಡೆ ಹೊಲಕ್ಕೆಲ್ಲಾ ಇದ ರೋಗ ಬಿದ್ದಿತ್ತು. ಅದ ಕೆಸರಗಾಲಾಗ ಮಂದಿ ಮಣ್ಣಿಗೆ ಬಂದ್ರು. ಈ ರೋಗ ಕಾಲಿನ ಕೆಸರಿಗೆ ಹತ್ತಿ ಬರ್ತೈತಿ.”

ಅವಳು ಬಾಡಿದ ಜಾಡನ್ನು ನೋಡಿದಳು. ಹಾಗಾದರೆ ಅಪ್ಪ ಮುನಿದಿಲ್ಲ...

“ಮತ್ತ ನೀವು?”

“ಕೊಳತ ಶುಂಠಿ ಕೀಳಾಕತ್ತಿದ್ದೆ. ಸುದ್ದಿ ಕೇಳಿ ಹಂಗ ಓಡಿ ಬಂದೆ. ಇಲ್ಲಿ ಬಂದು ಕಾಲು ನೋಡ್ಕೊಂಡೆ. ಮಾವ ಮಗಳಂಗ ಜ್ವಾಪಾನ ಮಾಡಿದ ಹೊಲ... ರಸ್ತೆದಾಗ ನಿಂತ ಕೈ ಮುಗದೆ.”

“ಒಂದ್ ಮಾತು ಹೇಳಬಾರದಿತ್ತೇನ್ರಿ?”

“ಅಳೂ ಮನ್ಯಾಗ ಕೆಸರಿನ ಮಾತು ಹೆಂಗ ಆಡ್ಲಿ?”

ಅವಳು ಬೋರಿನ ನೀರನ್ನು ಕೊಡದಲ್ಲಿ ತಂದು, ಮನೆಗೆ ಬಂದ ಅಳಿಯನಿಗೆ ಕೊಡುವಂತೆ ಅವನ ಕಾಲಿಗೆ ಸುರಿದಳು. ಕೆಸರೆಲ್ಲ ರಸ್ತೆಯತ್ತಲೇ ಹರಿದುಹೋಯಿತು.

ಹಿಂದೆ ಎಲೆಗಳು ಸರಿದಾಡಿದವು. ಇಬ್ಬರೂ ತಿರುಗಿ ನೋಡಿದರು. ಯಾರೂ ಇರಲಿಲ್ಲ.

“ಅವ್ವಗ ಇದನ್ನ ನೀವ ಹೇಳ್ರಿ.”

“ಅತ್ತಿ ನನ್ನ ಮಾತು ಕೇಳ್ತಾರೇನು?”

“ಬೈತಾಳ. ಬೈಸ್ಕೊಳ್ರಿ.” ಅವಳ ಕಣ್ಣು ತುಂಬಿತ್ತು. “ನಾ ನಿಮ್ಮ ಬಾಜೂಕ ನಿಂತಿರ್ತೇನಿ.”